ಆಂಟಿ ಪುಡಿ

ನಮ್ಮೂರಲ್ಲಿ ನಲವತ್ತು ದಾಟಿದವರಿಗೆ ತುಕ್ಕು ಹಿಡಿಯುತ್ತದೆ. ಕೆಲವರಿಗೆ ಮೊಣಕಾಲಿಗೆ, ಕೆಲವರಿಗೆ ಕತ್ತಿಗೆ, ಕಂಡಕಂಡವರಿಗೆಲ್ಲ ಕೈಮುಗಿದವರಿಗೆ ಮಣಿಕಟ್ಟಿಗೆ. ಬೆಳಿಗ್ಗೆ ಎದ್ದು ಹಾಸಿಗೆ ಕೊಡವಿದರೆ ಕೆಂಪು ಪುಡಿ ಉದುರುತ್ತದೆ. ಅದನ್ನು ಗುಡಿಸಿ ದಾಸವಾಳದ ಬುಡಕ್ಕೆ ಹಾಕುತ್ತಾರೆ. ಇದರಲ್ಲಿ ಬಾಯಿಬಿಟ್ಟು ನೋಡುವಂಥದ್ದೇನೂ ಇಲ್ಲ. ನಿಮ್ಮೂರಲ್ಲಿ ತಲೆ ಬೆಳ್ಳಗಾಗುವುದಿಲ್ಲವೇ, ಹಾಗೆ ಇದೂ ಒಂದು.

ನಾನು ಎಣ್ಣೆ ಪರಮೇಶಿ. ಬೆಳಗಾದರೆ ಉದ್ದ ಮೂತಿಯ ಗಿಂಡಿಗೆ ಹರಳೆಣ್ಣೆ ತುಂಬಿಕೊಂಡು ಮನೆಮನೆಗೆ ಹೋಗಿ ಜನರ ಕೀಲುಗಳಿಗೆ ಎಣ್ಣೆ ಬಿಡುವುದು ನಮ್ಮಪ್ಪನ ಕಾಲದಿಂದ ಬಂದ ಕಸುಬು. ಸುಮ್ಮನೆ ಸುರಿದರೆ ಆಗುವುದಿಲ್ಲ ಸ್ವಾಮಿ, ಕಿವಿಗೊಟ್ಟು ಕೇಳಬೇಕು. 'ಕಿರ್' ಅಂದರೆ ಎರಡು ಹನಿ. 'ಕಿರ್ರ್' ಅಂದರೆ ನಾಲ್ಕು. 'ಗರ್' ಅಂದರೆ ಗಿಂಡಿ ಕೆಳಗಿಟ್ಟು ದೂರದೂರಿನ ಮಕ್ಕಳಿಗೆ ಹೇಳಿಕಳಿಸಬೇಕು. ಮುನ್ನೂರು ಮನೆಯ ಸದ್ದು ನನ್ನ ಕಿವಿಯಲ್ಲಿದೆ. ಬಾವಿಕಟ್ಟೆಯ ಹತ್ತಿರ ಯಾರೋ ನಡೆದುಹೋದರೆ ಕಣ್ಣುಮುಚ್ಚಿಕೊಂಡೇ ಹೇಳುತ್ತೇನೆ, ಇವನು ಹೋಟೆಲು ಶೀನಪ್ಪ, ಎಡಮೊಣಕಾಲು, ನಿನ್ನೆ ಎಣ್ಣೆ ತಪ್ಪಿಸಿದ್ದಾನೆ ಅಂತ. ಬಡಾಯಿ ಅಂದುಕೊಳ್ಳಬೇಡಿ. ಅಂದುಕೊಂಡರೂ ನನಗೇನೂ ಬೇಜಾರಿಲ್ಲ.

ನನ್ನ ಸುತ್ತು ಮುಗಿಯುವುದು ಶಾಲೆ ಹಿಂದಿನ ಓಣಿಯ ಕೊನೆಮನೆಯಲ್ಲಿ. ಅದು ಸುಲೋಚನಾ ಆಂಟಿಯ ಮನೆ. ನಮ್ಮೂರ ಹೆಂಗಸರೆಲ್ಲ ಅಕ್ಕ, ಅತ್ತೆ, ಚಿಕ್ಕಮ್ಮ, ಅಜ್ಜಿ. ಆಂಟಿ ಅಂತ ಇರುವುದು ಅವರೊಬ್ಬರೇ. ಒಂದು ಕಾಲದಲ್ಲಿ ಒಂಟಿಯಾಗಿ ಎಲ್ಲಿಂದಲೋ ಬಂದು ಶಿಶುವಿಹಾರ ಇಟ್ಟರು, ಮಕ್ಕಳಿಗೆ 'ಆಂಟಿ ಅನ್ನಿ' ಅಂತ ಕಲಿಸಿದರು. ಆ ಮಕ್ಕಳಿಗೂ ಮಕ್ಕಳಾದವು, ಶಿಶುವಿಹಾರ ಮುಚ್ಚಿತು, ಹೆಸರು ಮಾತ್ರ ಅಂಟಿಕೊಂಡಿತು. ಎಂಬತ್ತರ ಮುದುಕರೂ ಆಂಟಿ ಅನ್ನುತ್ತಾರೆ. ಆಂಟಿಗಿಂತ ಎರಡು ವರ್ಷಕ್ಕೆ ದೊಡ್ಡವನಾದ ನಾನೂ ಆಂಟಿ ಅನ್ನುತ್ತೇನೆ. ಅಂದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹತ್ತೊಂಬತ್ತು ವರ್ಷದಿಂದ ದಿನಾ ಅವರ ಬಲಮೊಣಕೈಗೆ ಎಣ್ಣೆ ಬಿಡುತ್ತಿದ್ದೇನೆ. ಅವರು ಜಗುಲಿಯ ಮೇಲೆ ಕೂತು ಕೈ ಚಾಚುತ್ತಾರೆ. ನಾನು ಮೆಲ್ಲಗೆ ಮಡಿಸಿ ಬಿಡಿಸುತ್ತೇನೆ. ಕಿರ್ ಅನ್ನುತ್ತದೆ. ಲೆಕ್ಕದ ಪ್ರಕಾರ ಎರಡು ಹನಿ ಸಾಕು, ನಾನು ಮೂರು ಬಿಡುತ್ತೇನೆ. ಮೂರನೆಯದು ಇಳಿಯುವ ತನಕ ಅಲ್ಲೇ ನಿಂತಿರಬಹುದು. 'ಸಾಕು ಎಣ್ಣೆಯವರೇ' ಅನ್ನುತ್ತಾರೆ. ನನ್ನವಳು ತೀರಿಕೊಂಡು ಇಪ್ಪತ್ತೆರಡು ವರ್ಷವಾಯಿತು. ಈ ಒಂಬತ್ತು ವರ್ಷದಿಂದ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಆ ಜಗುಲಿಗೆ ಹೋಗುತ್ತಿದ್ದೇನೆ: 'ಇನ್ನು ಒಟ್ಟಿಗೇ ಇದ್ದುಬಿಡೋಣ.' 'ಇನ್ನು' ಅನ್ನುವವರೆಗೆ ಸಲೀಸಾಗಿ ಬರುತ್ತದೆ. ಅಲ್ಲಿಗೆ ದವಡೆ ಕಚ್ಚಿಕೊಳ್ಳುತ್ತದೆ. ತುಕ್ಕು, ಇನ್ನೇನು! 'ಇನ್ನು?' ಅಂತ ಅವರು ಕೇಳುತ್ತಾರೆ. 'ಇನ್ನು ಬರ್ತೀನಿ' ಅಂದು ಬಂದುಬಿಡುತ್ತೇನೆ. ಊರಿಗೆಲ್ಲ ಎಣ್ಣೆ ಬಿಡುವವನು ತನ್ನ ದವಡೆಗೂ ಎರಡು ಹನಿ ಬಿಟ್ಟುಕೊಳ್ಳಬಾರದಿತ್ತೇ ಅಂತ ಕೇಳಬೇಡಿ. ಒಮ್ಮೆ ಬಿಟ್ಟುಕೊಂಡೆ. ಹರಳೆಣ್ಣೆ ದವಡೆಗಿಂತ ಹೆಚ್ಚಾಗಿ ಹೊಟ್ಟೆಗೆ ಇಳಿಯಿತು. ಆವತ್ತು ಆಂಟಿಯ ಮನೆ ಹಾಗಿರಲಿ, ಹಿತ್ತಲು ಬಿಟ್ಟು ಎಲ್ಲಿಗೂ ಹೋಗಲಾಗಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಮೈಕು ಕಟ್ಟಿದ ಆಟೋ ಒಂದು ಊರೊಳಗೆ ಬಂತು. ಮೈಕಿಗೆ ಗಂಟಲು ಕಟ್ಟಿತ್ತು. ಗರಗರದ ನಡುವೆ ನಮ್ಮ ಕಿವಿಗೆ ಬಿದ್ದದ್ದು ಇಷ್ಟೇ: 'ಬಂಧುಗಳೇ... ಆಂಟಿ ಆಕ್ಸಿಡೆಂಟ್... ಆಂಟಿ ಆಕ್ಸಿಡೆಂಟ್... ಬನ್ನಿ, ನೀವೇ ಬಂದು ನೋಡಿ...' ದೋಸೆ ಮಗುಚುತ್ತಿದ್ದ ಶೀನಪ್ಪ ಮಗುಚೋ ಕೈ ಹಿಡಿದುಕೊಂಡೇ ಬೀದಿಗೆ ಹಾರಿದ. 'ಅಯ್ಯಯ್ಯೋ! ಆಂಟಿಗೆ ಆಕ್ಸಿಡೆಂಟ್ ಆಯ್ತಂತ್ರಪ್ಪೋ!'

ನಾನಾಗ ಊರಿನ ಈ ತುದಿಯಲ್ಲಿ ಒಬ್ಬರ ಕತ್ತಿಗೆ ಎಣ್ಣೆ ಬಿಡುತ್ತಿದ್ದೆ. ಕತ್ತನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಪಾಪ, ಅವರು ಸಂಜೆಯವರೆಗೂ ಎಡಕ್ಕೇ ನೋಡುತ್ತಿದ್ದರಂತೆ. ನನ್ನ ಹಿಂದೆ ಇಡೀ ಊರು ಕಿರಕಿರಗುಟ್ಟುತ್ತಾ ಓಡಿಬಂತು. ಯಾರ ಕೈಯಲ್ಲೋ ಮೋಸಂಬಿ, ಯಾರ ಕೈಯಲ್ಲೋ ಬನ್ನು, ಎಳನೀರು. ಹೂವಿನ ತಾಯಮ್ಮ ಮುಂದಾಲೋಚನೆಯ ಹೆಂಗಸು, ಯಾವುದಕ್ಕೂ ಇರಲಿ ಅಂತ ಒಂದು ಹಾರವನ್ನೇ ತಂದಿದ್ದಳು. ಆದರೆ ಮೊದಲು ಮುಟ್ಟಿದವನು ನಾನೇ. ಆಂಟಿ ಜಗುಲಿಯ ಮೇಲೆ ಕೂತು ಸಾರಿಗೆ ಬದನೆಕಾಯಿ ಹೆಚ್ಚುತ್ತಿದ್ದರು.

'ಎಲ್ಲಿ ಪೆಟ್ಟಾಯ್ತು ಆಂಟಿ?' ಅಂದೆ. 'ಯಾರಿಗೆ?' ಅಂದರು. 'ನಿಮಗೇನಾದ್ರೂ ಆಗಿದ್ರೆ ನಾನು...' ಅಂದವನಿಗೆ ದವಡೆ ಕಚ್ಚಿಕೊಂಡಿತು. ಕಣ್ಣಲ್ಲಿ ಮಾತ್ರ ನೀರು ದಳದಳ ಇಳಿಯಿತು. ಆಂಟಿ ಈಳಿಗೆಮಣೆಯಿಂದ ಕೈ ತೆಗೆದು ನನ್ನನ್ನೇ ನೋಡಿದರು. 'ಯಾಕೆ ಅಳ್ತಿದ್ದೀರಿ ಎಣ್ಣೆಯವರೇ?' 'ಹೊಗೆ' ಅಂದೆ. 'ಒಲೆ ಇನ್ನೂ ಹಚ್ಚಿಲ್ವಲ್ಲ' ಅಂದರು. ಅಷ್ಟರಲ್ಲಿ ಊರು ಅಂಗಳಕ್ಕೆ ನುಗ್ಗಿತು, ನನ್ನ ಮಾನ ಉಳಿಯಿತು.

ಜನರ ಹಿಂದೆಯೇ ಆಟೋ ಬಂತು. ಅದರಿಂದ ಇಂಚರ ಅಂತ ಒಬ್ಬ ಹುಡುಗಿ ಇಳಿದಳು. ಕೈಯಲ್ಲಿ ಒಂದು ಡಬ್ಬಿ, ಡಬ್ಬಿಯಲ್ಲಿ ಗಿಣಿಯ ಬಣ್ಣದ ಪುಡಿ. ಜನ ಸೇರಿರುವುದನ್ನು ಕಂಡು ಅವಳಿಗೆ ಖುಷಿಯೋ ಖುಷಿ. 'ಇದು ಹಸಿರು ಚಹಾದ ಎಲೆ ಬೀಸಿದ ಪುಡಿ. ಇದರಲ್ಲಿ ಆಂಟಿಆಕ್ಸಿಡೆಂಟ್ ಇದೆ' ಅಂದಳು. 'ಆಂಟಿ ಇಲ್ಲೇ ಇದ್ದಾರಲ್ಲಮ್ಮ, ಡಬ್ಬೀಲಿ ಹ್ಯಾಗಿರ್ತಾರೆ?' ಅಂದ ಶೀನಪ್ಪ. ಆ ಮಾತಿನಲ್ಲಿ ಆಂಟಿಯೂ ಇಲ್ಲ, ಆಕ್ಸಿಡೆಂಟೂ ಇಲ್ಲ ಅಂತ ಅವಳು ಎಷ್ಟೋ ಹೇಳಿದಳು. 'ಎರಡೂ ನೀನೇ ಕೂಗ್ಕೊಂಡು ಬಂದ್ಯಲ್ಲ, ಈಗ ಇಲ್ಲ ಅಂದ್ರೆ?' ಅಂತ ತಾಯಮ್ಮ ಹಾರ ಹಿಡಿದುಕೊಂಡು ಜಗಳಕ್ಕೇ ನಿಂತಳು.

ಹುಡುಗಿ ಜಾಣೆ. ಆಂಟಿ ಹೆಚ್ಚಿಟ್ಟ ಬದನೆಕಾಯಿ ಹೋಳನ್ನು ಎತ್ತಿ ತೋರಿಸಿದಳು. 'ನೋಡಿ, ಹೆಚ್ಚಿ ಬಿಟ್ಟಿದ್ದಕ್ಕೆ ಆಗಲೇ ಕಪ್ಪಾಯ್ತು. ಗಾಳಿ ತಾಗಿ ಹಾಗಾಗೋದು. ನಿಂಬೆಹಣ್ಣು ಹಿಂಡಿದ್ರೆ ಬೇಗ ಕಪ್ಪಾಗಲ್ಲ, ಹೌದಲ್ವಾ? ನಮ್ಮ ಮೈಯೊಳಗೂ ಹೀಗೇ ಒಂಥರಾ ಕಪ್ಪಾಗ್ತಿರುತ್ತೆ, ತುಕ್ಕು ಹಿಡೀತಿರುತ್ತೆ. ಅದನ್ನು ತಡೆಯೋಕೆ ಸಹಾಯ ಮಾಡೋದೇ ಈ ಆಂಟಿಆಕ್ಸಿಡೆಂಟು. ಬೇರೆ ಚಹಾದಲ್ಲಿ ಸೊಪ್ಪು ಸೋಸಿ ಎಸೀತೀವಿ. ಇದರಲ್ಲಿ ಎಲೆಗೆ ಎಲೆಯೇ ಹೊಟ್ಟೆಗೆ ಹೋಗುತ್ತೆ.' ತುಕ್ಕು ಅಂದದ್ದೇ ತಡ, ಅಂಗಳಕ್ಕೆ ಅಂಗಳವೇ ಡಬ್ಬಿಯ ಹತ್ತಿರ ಒತ್ತಿಕೊಂಡು ಬಂತು. ಅವಳು ಗಾಬರಿಯಾಗಿ, 'ಇದು ಔಷಧಿ ಅಲ್ಲ ಮತ್ತೆ. ಒಳ್ಳೇದು ಅಂತಾರೆ, ಅಷ್ಟೇ. ತುಕ್ಕು ಅಂದಿದ್ದು ಉಪಮೆಗೆ' ಅಂದಳು. ಶೀನಪ್ಪ ಪಂಚೆ ಎತ್ತಿ ಮೊಣಕಾಲು ತೋರಿಸಿದ, ಉಗುರಲ್ಲಿ ಒಂದು ಚಕ್ಕೆ ಎಬ್ಬಿಸಿ ಅವಳ ಅಂಗೈಗೆ ಹಾಕಿದ. 'ಇದು ಉಪಮೆಯೇನಮ್ಮ?' ಹುಡುಗಿ ಚಕ್ಕೆ ನೋಡಿದಳು, ಶೀನಪ್ಪನನ್ನು ನೋಡಿದಳು, ಚಕ್ಕೆಯನ್ನು ಮೆಲ್ಲಗೆ ಅವನ ಕೈಗೇ ವಾಪಸು ಇಟ್ಟಳು. 'ದಿನಕ್ಕೆ ಅರ್ಧ ಚಮಚ. ಕುದಿಯೋ ನೀರಿಗೆ ಹಾಕಬೇಡಿ. ಚೆನ್ನಾಗಿ ನೊರೆ ಬರಿಸಿ' ಅಂದು ಡಬ್ಬಿಗಳನ್ನೆಲ್ಲ ಇಳಿಸಿ ಹೊರಟೇಹೋದಳು.

ಹೇಳಿದ ಹಾಗೆ ಕೇಳಿದರೆ ಅದು ನಮ್ಮೂರೇ? ಶೀನಪ್ಪ ಪುಡಿಗೆ ಹಾಲು, ಬೆಲ್ಲ, ಏಲಕ್ಕಿ ಹಾಕಿ ಗಂಟೆಗಟ್ಟಲೆ ಕುದಿಸಿ ಪಾಯಸ ಮಾಡಿದ. ಇನ್ನೊಬ್ಬರು ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸೇರಿಸಿ ಚಟ್ನಿಪುಡಿ ಮಾಡಿ, ಬಿಸಿ ಅನ್ನಕ್ಕೆ ತುಪ್ಪದ ಜೊತೆ ಕಲಸಿಕೊಂಡರು. ತಾಯಮ್ಮ ಗೋರಂಟಿ ಅಂದುಕೊಂಡು ತಲೆಗೆ ಹಚ್ಚಿ ಎರಡು ದಿನ ಗಿಣಿಯಾಗಿದ್ದಳು. ಒಬ್ಬರು ಅರ್ಧ ಚಮಚದ ಬದಲು ನಾಲ್ಕು ಚಮಚ ಕುಡಿದು ಮೂರು ದಿನ ನಿದ್ದೆ ಬಾರದೆ ಮನೆಗೆಲ್ಲ ಸುಣ್ಣ ಹೊಡೆದು, ಮಿಕ್ಕ ಸುಣ್ಣವನ್ನು ಪಕ್ಕದ ಮನೆಗೂ ಹೊಡೆದರು. ಕೊನೆಗೆ ಸರಿಯಾಗಿ ಮಾಡಿದವರು ಆಂಟಿ ಒಬ್ಬರೇ. ಬೆಚ್ಚನೆ ನೀರಿಗೆ ಪುಡಿ ಹಾಕಿ, ಮಜ್ಜಿಗೆ ಕಡೆಯುವ ಕಡಗೋಲನ್ನು ಎರಡು ಅಂಗೈ ನಡುವೆ ತಿರುಗಿಸಿ ನೊರೆನೊರೆ ಬರಿಸಿದರು. ಆಮೇಲೆ ಜನ ಬೆಳಿಗ್ಗೆ ಲೋಟ ಹಿಡಿದುಕೊಂಡು ಆಂಟಿಯ ಜಗುಲಿಗೇ ಬರತೊಡಗಿದರು. ಆಂಟಿಆಕ್ಸಿಡೆಂಟ್ ಅನ್ನುವುದಕ್ಕೆ ಯಾರಿಗೂ ನಾಲಿಗೆ ತಿರುಗುತ್ತಿರಲಿಲ್ಲ. 'ಆಂಟಿ ಪುಡಿ' ಅಂದರು. ಹೆಸರು ನಿಂತೇಬಿಟ್ಟಿತು.

ಮತ್ತೆ ಏನಾಯಿತು ಅಂತೀರಿ? ಹದಿನೈದೇ ದಿನಕ್ಕೆ ಊರಿನ ತುಕ್ಕು ಉದುರಿತು. ಮೊಣಕಾಲು, ಕತ್ತು, ಮಣಿಕಟ್ಟು, ಒಂದೊಂದೇ ಸದ್ದು ನಿಂತಿತು. ಆಗ ಶುರುವಾಯಿತು ನೋಡಿ ಪಜೀತಿ. ಅತ್ತೆ ಬರುವ ಕಿರ್ ಕೇಳಿಯೇ ಸೊಸೆಯಂದಿರು ಫೋನು ಕೆಳಗಿಡುತ್ತಿದ್ದರು. ಈಗ ಅತ್ತೆಯಂದಿರು ಬೆಕ್ಕಿನ ಹಾಗೆ ಬಂದು ಬೆನ್ನ ಹಿಂದೆ ನಿಲ್ಲತೊಡಗಿದರು. ಜಗುಲಿಯಲ್ಲಿ ಕೂತು ಯಾರನ್ನಾದರೂ ಆಡಿಕೊಳ್ಳುವುದೇ ಕಷ್ಟವಾಯಿತು, ಯಾರನ್ನು ಆಡಿಕೊಂಡರೋ ಅವರೇ ಪಕ್ಕದಲ್ಲಿ ನಿಂತಿರುತ್ತಿದ್ದರು. ಇಸ್ಪೀಟಾಡಲು ಸದ್ದಿಲ್ಲದೆ ಜಾರುತ್ತಿದ್ದ ಶೀನಪ್ಪನ ಕಾಲಿಗೆ ಅವನ ಹೆಂಡತಿ ಗೆಜ್ಜೆ ಕಟ್ಟಿದಳು. ಅವನು ಘಲ್ ಘಲ್ ಅನ್ನುತ್ತಾ ದೋಸೆ ಬಡಿಸುವುದನ್ನು ನೋಡಲೆಂದೇ ಹೋಟೆಲು ತುಂಬುತ್ತಿತ್ತು.

ಎಲ್ಲರಿಗೂ ನಗು, ನನಗೆ ಮಾತ್ರ ಸಂಕಟ. 'ಪರಮೇಶಣ್ಣ, ಇವತ್ತು ಬೇಡ' ಅಂದರು. ಆಮೇಲೆ 'ಬೇಡ' ಅಂದರು. ಆಮೇಲೆ ಬಾಗಿಲೇ ತೆರೆಯಲಿಲ್ಲ. ಕಸುಬು ಹೋದರೆ ಹೋಗಲಿ, ಹಿತ್ತಲಲ್ಲಿ ನಾಲ್ಕು ನುಗ್ಗೆಮರ ಇವೆ, ನನ್ನೊಂದು ಹೊಟ್ಟೆಗೆ ಅವು ಸಾಕು. ಆದರೆ ಆಂಟಿಯ ಮೊಣಕೈ ಗುಣವಾಗಿಬಿಟ್ಟರೆ? ಬೆಳಿಗ್ಗೆ ಎದ್ದು ಏನು ನೆಪ ಹಿಡಿದುಕೊಂಡು ಆ ಜಗುಲಿ ಹತ್ತಲಿ? ಹತ್ತೊಂಬತ್ತು ವರ್ಷದ ಓಡಾಟವೆಲ್ಲ ಮೂರು ಹನಿ ಎಣ್ಣೆಯ ಮೇಲೆ ನಿಂತಿತ್ತು. ಸಿಟ್ಟಿನಿಂದ ಶೀನಪ್ಪನ ಹೋಟೆಲಿನಲ್ಲಿ ಎಲ್ಲರೆದುರು ಮೇಜು ಕುಟ್ಟಿ, 'ಪ್ರಾಣ ಹೋದರೂ ನಾನು ಆ ಪುಡಿ ಮುಟ್ಟಲ್ಲ' ಅಂತ ಆಣೆ ಹಾಕಿದೆ. ಒಬ್ಬರೂ ತಿರುಗಿ ನೋಡಲಿಲ್ಲ, ಎಲ್ಲರೂ ಗೆಜ್ಜೆ ನೋಡುತ್ತಿದ್ದರು.

ಆಂಟಿಯಂತೂ ದಿನಾ ಎಲ್ಲರಿಗೂ ಕಡೆದುಕೊಟ್ಟು ತಾವೂ ಒಂದು ಲೋಟ ಕುಡಿಯುತ್ತಿದ್ದರು. ಮೊಣಕೈ ಸದ್ದು ಇವತ್ತು ನಿಲ್ಲುತ್ತದೆ, ನಾಳೆ ನಿಲ್ಲುತ್ತದೆ ಅಂತ ಎದೆ ಹಿಡಿದುಕೊಂಡು, ಜನ ಕರಗಿದ ಮೇಲೆ ಹೋಗುತ್ತಿದ್ದೆ. ಅವರು ಸೆರಗು ಹೊದ್ದು ಕೂತಿರುತ್ತಿದ್ದರು. ಬಲಗೈ ಚಾಚುತ್ತಿದ್ದರು. 'ಕೀಂಯ್' ಅನ್ನುತ್ತಿತ್ತು. ಅಬ್ಬಾ! ಊರಿನ ತುಕ್ಕೆಲ್ಲ ಹೋಗಿಯೂ ಆ ಒಂದು ಮೊಣಕೈ ನನ್ನ ಪಾಲಿಗೆ ಉಳಿದಿತ್ತು. ಸದ್ದು ಮೊದಲಿನ ಹಾಗಿಲ್ಲ, ಸ್ವಲ್ಪ ಸಣ್ಣಗಾಗಿದೆ ಅಂತ ನನ್ನ ಕಿವಿ ಹೇಳಿತು. ಒಮ್ಮೊಮ್ಮೆ ನಾನು ಕೈ ಮುಟ್ಟುವ ಮೊದಲೇ ಕೀಂಯ್ ಅನ್ನುತ್ತಿತ್ತು. ಹಳೇ ತುಕ್ಕು, ಅದಕ್ಕೂ ನನ್ನ ಕೈಯ ಗುರುತು ಹತ್ತಿರಬೇಕು ಅಂದುಕೊಂಡೆ. ಮುನ್ನೂರು ಮನೆಯ ಸದ್ದು ಬಲ್ಲವನ ಬುದ್ಧಿ ಅಷ್ಟಕ್ಕೇ ನಿಂತಿತು, ಏನು ಮಾಡುವುದು.

ಆದರೂ ಎಷ್ಟು ದಿನ ಅಂತ ನಂಬುವುದು? ಆ ಸದ್ದು ನಿಲ್ಲುವ ಮೊದಲು ನನ್ನ ಮಾತು ಆಗಬೇಕಿತ್ತು. ಮಾತಾಡಲು ದವಡೆ ಬಿಡಬೇಕಿತ್ತು. ಒಂದು ಮಧ್ಯಾಹ್ನ ಶೀನಪ್ಪ ಘಲ್ ಘಲ್ ಅಂತ ಹಿತ್ತಲಿಗೆ ಹೋದಾಗ ಕಪಾಟಿನಿಂದ ಒಂದು ಡಬ್ಬಿ ಎತ್ತಿಕೊಂಡು ಬಂದೆ. ಕದ್ದೆ ಅನ್ನಿ ಬೇಕಾದರೆ. ಆಣೆ ಹಾಕಿದವನು ಕೇಳಿ ಪಡೆಯಲಾಗುತ್ತದೆಯೇ? ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಮಜ್ಜಿಗೆಗೆ ಬೆರೆಸಿ ಕುಡಿದೆ. ಮೊದಲ ದಿನ ಹುಲ್ಲು ಮೆಂದ ಹಾಗಾಯಿತು, ಆಮೇಲೆ ರೂಢಿಯಾಯಿತು, ಆಮೇಲೆ, ನಿಜ ಹೇಳುತ್ತೇನೆ, ರುಚಿಯೂ ಹತ್ತಿತು. ಹದಿನೆಂಟನೆಯ ದಿನ ಹುರಿಗಡಲೆ ಜಗಿದು ನೋಡಿದೆ. ದವಡೆಯಲ್ಲಿ ಒಂದು ಚೂರೂ ಸದ್ದಿಲ್ಲ. ಗೋಡೆಯ ಎದುರು ನಿಂತು 'ಇನ್ನು ಒಟ್ಟಿಗೇ ಇದ್ದುಬಿಡೋಣ' ಅಂತ ಏಳು ಸಲ ಹೇಳಿದೆ. ಏಳು ಸಲವೂ ನೀರು ಕುಡಿದ ಹಾಗೆ ಬಂತು.

ಮಾರನೆಯ ದಿನ ಒಗೆದ ಅಂಗಿ ಹಾಕಿಕೊಂಡು ಹೋದೆ. ಆಂಟಿ ಕೈ ಚಾಚಿದರು, ಕೀಂಯ್ ಅಂದಿತು, ಮೂರು ಹನಿ ಬಿಟ್ಟೆ. ಗಿಂಡಿ ಕೆಳಗಿಟ್ಟೆ. 'ಇನ್ನು...' ಅಂದೆ. ಅವರು ತಲೆ ಎತ್ತಿದರು. ನಾನು ಬಾಯಿ ತೆರೆದೆ, ದವಡೆ ಸಲೀಸಾಗಿ ತೆರೆಯಿತು, ಮಾತು ಮಾತ್ರ ಬರಲಿಲ್ಲ. ಆಗ ನನಗೆ ಗೊತ್ತಾಯಿತು. ಒಂಬತ್ತು ವರ್ಷದಿಂದ ತುಕ್ಕು ತುಕ್ಕು ಅಂತ ಬೈದುಕೊಂಡು ಬಂದೆನಲ್ಲ, ಪಾಪ, ತುಕ್ಕಿನದೇನೂ ತಪ್ಪಿರಲಿಲ್ಲ. ನನಗೆ ಹೆದರಿಕೆ. ಬೇಡ ಅಂದುಬಿಟ್ಟರೆ ನಾಳೆ ಈ ಜಗುಲಿಯೂ ಇಲ್ಲ ಅನ್ನುವ ಹೆದರಿಕೆ.

'ಇನ್ನು?' ಅಂತ ಆಂಟಿ ಮುಂದಕ್ಕೆ ಬಾಗಿದರು. ಬಾಗಿದ್ದೇ ಅವರ ಎಡ ಕಂಕುಳಿಂದ ಏನೋ ಜಾರಿತು. ಜಗುಲಿಯ ಮೆಟ್ಟಿಲ ಮೇಲೆ ಪುಟಿಪುಟಿದು ನನ್ನ ಕಾಲಬುಡಕ್ಕೆ ಬಂದು ನಿಂತಿತು. ಶಿಶುವಿಹಾರದ ಕಾಲದ ರಬ್ಬರು ಬಾತುಕೋಳಿ, ಒಂದು ಕಣ್ಣು ಅಳಿಸಿಹೋಗಿತ್ತು. ಎತ್ತಿಕೊಂಡು ಒತ್ತಿದೆ. ಕೀಂಯ್ ಅಂದಿತು. ಅವರ ಬಲಗೈ ಹಿಡಿದು ಮಡಿಸಿದೆ, ಬಿಡಿಸಿದೆ. ಎಳೇ ಬೆಂಡೆಕಾಯಿಯ ಹಾಗಿತ್ತು, ಒಂದಿಷ್ಟೂ ಸದ್ದಿಲ್ಲ.

'ಎಷ್ಟು ದಿನದಿಂದ?' ಅಂದೆ. 'ಇವತ್ತಿಗೆ ಮೂವತ್ತೆರಡು' ಅಂದರು, ನೆಲ ನೋಡುತ್ತಾ. 'ಯಾಕೆ?' 'ಸದ್ದು ನಿಂತ ಮನೆಗೆ ನಿಮ್ಮನ್ನ ಯಾರೂ ಕರೀತಿಲ್ಲ ಅಂತ ಕೇಳ್ದೆ. ನನ್ನ ಮನೇದೂ ನಿಂತ್ರೆ ನೀವು ಬರ್ತಿದ್ರಾ?' ನಾನು ಬಾತುಕೋಳಿಯನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಅವರಿಗೆ ನಾಚಿಕೆ ಹೋಗಿ ಸಿಟ್ಟು ಬಂತು. 'ನೀವೇನು ಕಮ್ಮಿ? ಪ್ರಾಣ ಹೋದರೂ ಮುಟ್ಟಲ್ಲ ಅಂದೋರ ಮೀಸೆ ಹತ್ತು ದಿನದಿಂದ ಹಸಿರಾಗಿದೆ. ನನಗೇನು ಕಣ್ಣಿಲ್ವಾ?' ನಾನು ಮೀಸೆ ಮುಚ್ಚಿಕೊಂಡೆ. 'ಯಾತಕ್ಕೆ ಕುಡಿದ್ರಿ?' 'ದವಡೆಗೆ.' 'ದವಡೆ ಯಾತಕ್ಕೆ?' 'ಮಾತಾಡಕ್ಕೆ.' 'ಹಂಗಾದ್ರೆ ಮಾತಾಡಿ.' 'ಇನ್ನು...' ಅಂದೆ. ಗಾಬರಿಯಲ್ಲಿ ಕೈ ಬಿಗಿಯಾಯಿತು, ಮಿಕ್ಕ ಮಾತನ್ನೆಲ್ಲ ಬಾತುಕೋಳಿಯೇ ಹೇಳಿತು.

ಆಂಟಿ ನಕ್ಕರು. ಹತ್ತೊಂಬತ್ತು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, 'ನಾಳೆಯಿಂದ ಎಣ್ಣೆ ತರಬೇಡಿ' ಅಂದರು. ಹೆದರಿದ್ದೇ ಆಯಿತಲ್ಲ ಅಂತ ಗಿಂಡಿ ಎತ್ತಿಕೊಂಡು ತಿರುಗಿದೆ. 'ನಿಲ್ಲಿ, ಪೂರ್ತಿ ಕೇಳಿ' ಅಂದರು. 'ಎಣ್ಣೆ ತರಬೇಡಿ. ಬರುವಾಗ ನಿಮ್ಮ ತಟ್ಟೆ ಲೋಟ ತನ್ನಿ. ಈ ಮನೇಲಿ ಇರೋದು ಒಂದೇ ಜೊತೆ.' 'ಸರಿ ಆಂಟಿ' ಅಂದೆ. 'ಆಂಟಿ ಅಂತ ಬಂದ್ರೆ ಬಾಗಿಲು ತೆಗೆಯಲ್ಲ' ಅಂದರು. 'ಸರಿ, ಸುಲೋಚನಾ' ಅಂದೆ. ಎಷ್ಟು ಸುಲಭವಾಗಿ ಬಂತು ಅಂತೀರಿ! ಇನ್ನೂ ಎರಡು ಸಲ ಅಂದುನೋಡಿದೆ. 'ಸಾಕು' ಅಂದರು.

ಮಾರನೆಯ ಬೆಳಿಗ್ಗೆ ತಟ್ಟೆ, ಲೋಟ, ಎರಡು ಅಂಗಿ, ಒಂದು ಚಾದರ ಕಂಕುಳಲ್ಲಿಟ್ಟುಕೊಂಡು ಹೊರಟೆ. ನನ್ನ ಕಾಲಿಗೀಗ ಸದ್ದಿಲ್ಲ, ಯಾರಿಗೂ ಗೊತ್ತಾಗದೆ ದಾಟಿಬಿಡಬಹುದು ಅಂದುಕೊಂಡಿದ್ದೆ. ಹಾಳಾದ ಲೋಟ ತಟ್ಟೆಗೆ ಬಡಿದು ಠಣ್ ಠಣ್ ಅಂತ ಊರನ್ನೆಲ್ಲ ಎಬ್ಬಿಸಿತು. ಶೀನಪ್ಪ ಹೋಟೆಲಿನಿಂದ ಇಣುಕಿದ. ನನ್ನ ಗಂಟು ನೋಡಿದ, ನಾನು ತಿರುಗಿದ ಓಣಿ ನೋಡಿದ, ಮಗುಚೋ ಕೈ ಹಿಡಿದು ಘಲ್ಲೆಂದು ಬೀದಿಗೆ ಹಾರಿದ. 'ಬನ್ರಪ್ಪೋ! ಆಂಟಿಗೆ ನಿಜವಾಗ್ಲೂ ಆಕ್ಸಿಡೆಂಟ್ ಆಯ್ತು!' ಈ ಸಲ ಯಾರೂ ಮೋಸಂಬಿ ತರಲಿಲ್ಲ, ಬನ್ನು ತರಲಿಲ್ಲ. ಹೂವಿನ ತಾಯಮ್ಮ ಮಾತ್ರ ಹಾರ ತಂದಿದ್ದಳು. ಮುಂದಾಲೋಚನೆಯ ಹೆಂಗಸು, ಎರಡು ತಂದಿದ್ದಳು.